ತೊಳೆಯದ ಎಲೆಗಳು

ನವೆಂಬರ್ 4

ಕಡ್ಡಿ,

ಮೂರು ವರ್ಷದಿಂದ ಒಂದು ಸಾಲು ಬರೆಯದ ಅಕ್ಕನಿಗೆ ಈಗ ಏನು ಬಂತು ಅಂತ ಮೂಗು ಮುರಿಯಬೇಡ. ಕೆಲಸವಿದೆ, ಅದಕ್ಕೇ ಬರೆಯುತ್ತಿದ್ದೇನೆ. ಪ್ರೀತಿ ಉಕ್ಕಿ ಬರೆಯುವವಳು ನಾನಲ್ಲ, ಓದಿ ಕರಗುವವಳು ನೀನಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ನನ್ನ ಪೈನ್ ಸಸಿಗಳು ಹಳದಿಯಾಗುತ್ತಿವೆ. ಎರಡು ವರ್ಷದವು, ಮೊಣಕಾಲೆತ್ತರ, ಬರುವ ವರ್ಷ ಗುಡ್ಡಕ್ಕೆ ಹೋಗಬೇಕಾದವು. ಸೂಜಿಯಂಥ ಎಲೆಯ ತುದಿ ಹಳದಿ, ಬುಡ ಹಸಿರು, ನಡುವೆ ಗೆರೆ ಎಳೆದ ಹಾಗೆ. ರಸ್ತೆಯಾಚೆ ತಾಮ್ರ ಕರಗಿಸುವ ಕಾರ್ಖಾನೆ ಇದೆಯಲ್ಲ, ಅವರು ಎರಡನೇ ಚಿಮಣಿ ಹಾಕಿದ ಮೇಲೆ ಶುರುವಾದ ಕಾಯಿಲೆ ಇದು. ಚಿಮಣಿಗೆ ಮುಖ ಮಾಡಿದ ಪಾತಿಗಳು ಹಳದಿ, ಗೋದಾಮಿನ ಗೋಡೆಯ ಮರೆಯಲ್ಲಿರುವ ಪಾತಿಗಳು ಹಸಿರು. ಒಂದೇ ಬೀಜ, ಒಂದೇ ಮಣ್ಣು, ಒಂದೇ ಗೊಬ್ಬರ, ಹಾಕಿದ್ದೂ ಒಂದೇ ಕೈ. ತೋಟದಲ್ಲಿ ಒಣಹಾಕಿದ ಮೇಲ್ಹಾಸಿನಲ್ಲಿ ಸಾಸಿವೆ ಗಾತ್ರದ ತೂತು ಬೀಳುತ್ತಿವೆ. ಕಾವಲುಗಾರ ಮಾಸ್ಕ್ ಹಾಕಿಕೊಂಡೇ ನಿದ್ದೆ ಮಾಡುತ್ತಾನೆ, ಅವನ ಗೊರಕೆ ಈಗ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತದೆ.

ನಮ್ಮ ಮೇಲಧಿಕಾರಿಗೆ ನಾವು ಇಟ್ಟ ಹೆಸರು ಕೊಡೆ ಸಾಹೇಬರು. ಕೊಠಡಿಯೊಳಗೂ ಕೊಡೆ ಕೆಳಗಿಡುವವರಲ್ಲ. ಅವರು ಬಂದು ನೋಡಿದರು. ನಾನು ಹೊಗೆಯ ಮಾತೆತ್ತಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂದುಬಿಟ್ಟರು. ನಾನು ಸಸಿಗಳನ್ನು ಉಪವಾಸ ಕೆಡವಿದ್ದೇನಂತೆ. ವಿಚಾರಣೆ ಅಂತ ನೋಟಿಸು ಕೊಟ್ಟಿದ್ದಾರೆ. ತಪ್ಪು ನನ್ನದು ಅಂತಾದರೆ ಕೆಲಸ ಹೋಗುತ್ತದೆ, ತೋಟದೊಳಗಿನ ಈ ಎರಡು ಕೋಣೆಯ ಮನೆಯೂ ಹೋಗುತ್ತದೆ. ಇಪ್ಪತ್ತೆಂಟು ವರ್ಷದ ಕೆಲಸ. ಆದರೆ ಹಸಿವಿನಿಂದ ಕೊಂದಳು ಅನ್ನುವ ಮಾತು ಇದೆಯಲ್ಲ, ಅದನ್ನು ನುಂಗಲು ನನ್ನಿಂದ ಆಗುತ್ತಿಲ್ಲ.

ನೀನು ಎಲೆ ಒಣಗಿಸಿ, ಬೂದಿ ಮಾಡಿ, ಒಳಗೆ ಏನಿದೆ ಏನಿಲ್ಲ ಅಂತ ಹೇಳುವವಳು. ಇವಕ್ಕೆ ಏನು ಕಡಿಮೆ ಆಗಿದೆ, ಸದ್ಯಕ್ಕೆ ಏನು ಕೊಡಲಿ? ಬರುವ ತೊಂದರೆ ತೆಗೆದುಕೊಳ್ಳಬೇಡ. ಬರೆದರೆ ಸಾಕು.

ಅಕ್ಕ


ನವೆಂಬರ್ 15

ಅಕ್ಕ,

ಕೆಲಸದ ಕಾಗದದಲ್ಲೇ ಬರೆಯುತ್ತಿದ್ದೇನೆ, ಬೇರೆ ಹಾಳೆ ಕೈಗೆ ಸಿಗಲಿಲ್ಲ. ನನ್ನನ್ನು ಕಡ್ಡಿ ಅನ್ನಬೇಡ. ನನಗೆ ನಲವತ್ತೊಂದಾಯಿತು.

ನೀನು ಹೇಳಿದ ಲಕ್ಷಣಕ್ಕೆ ಮೆಗ್ನೀಸಿಯಂ ಕೊರತೆ ಅಂತ ಹೆಸರು. ಗಂಧಕದ ಹೊಗೆ ಮಂಜಿನಲ್ಲಿ ಸೇರಿದರೆ ಹುಳಿಯಾಗುತ್ತದೆ. ಆ ಹುಳಿನೀರು ಎಲೆಯೊಳಗಿನ ಮೆಗ್ನೀಸಿಯಂ, ಸುಣ್ಣದಂಶವನ್ನು ಹೊರಗೆ ಎಳೆದು ಹಾಕುತ್ತದೆ. ಅದೇ ಗಾಳಿ ಸಾರಜನಕವನ್ನು ಬೇಕಾದ್ದಕ್ಕಿಂತ ಹೆಚ್ಚು ತಂದು ಸುರಿಯುತ್ತದೆ. ಗಿಡ ಒಂದನ್ನು ಅತಿಯಾಗಿ ತಿಂದು ಇನ್ನೊಂದಕ್ಕೆ ಸೊರಗುತ್ತದೆ. ನಿಜವಾಗಿ ಗೊಬ್ಬರ ಇಲ್ಲದೆ ಸೊರಗಿದ ಗಿಡದಲ್ಲಿ ಎಲ್ಲವೂ ಕಡಿಮೆ ಇರುತ್ತದೆ, ಸಾರಜನಕವೂ. ವ್ಯತ್ಯಾಸ ಗೊತ್ತಾಗುವುದು ಅಲ್ಲಿ. ಆದರೆ ಪರೀಕ್ಷೆ ಮಾಡದೆ ಹೊಗೆಯೇ ಕಾರಣ ಅಂತ ಊರು ತುಂಬ ಹೇಳಿಕೊಂಡು ತಿರುಗಬೇಡ, ನಿನ್ನ ಬಾಯಿ ನನಗೆ ಗೊತ್ತು.

ಸದ್ಯಕ್ಕೆ ಕಹಿ ಉಪ್ಪು ಸಿಂಪಡಿಸು. ಗೊಬ್ಬರದಂಗಡಿಯಲ್ಲಿ ಸಿಗುತ್ತದೆ, ಅದರಲ್ಲಿ ಮೆಗ್ನೀಸಿಯಂ ಗಂಧಕ ಎರಡೂ ಇರುತ್ತವೆ. ಹತ್ತು ಲೀಟರ್ ನೀರಿಗೆ ಹನ್ನೆರಡು ಚಮಚ, ಎಲೆಯ ಮೇಲೆ, ವಾರಕ್ಕೊಮ್ಮೆ, ನಾಲ್ಕು ವಾರ. ಗಿಡಗಳಿಗೆ ಉಣಿಸುವುದು ನಿನಗೆ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿದ್ದ ನನಗಿಂತ ಅವಕ್ಕೇ ಮೊದಲು ನೀರು ಸಿಗುತ್ತಿತ್ತು.

ತಂಗಿ


ಡಿಸೆಂಬರ್ 10

ಕಡ್ಡಿ,

ನೀರಿನ ಮಾತು ಸುಳ್ಳಲ್ಲ. ನೀನು ಬಾಯಿಬಿಟ್ಟು ಕೇಳುತ್ತಿದ್ದೆ, ಅವು ಕೇಳುತ್ತಿರಲಿಲ್ಲ.

ಉಪ್ಪು ಮೂರು ವಾರ ಹೊಡೆದಾಯಿತು. ಚಮಚ ತಟ್ಟಿ ಸಮ ಮಾಡಿ ಅಳೆದಿದ್ದೇನೆ. ಈ ಒಣ ಚಳಿಗೆ ನೀರು ಆರಿ ಎಲೆಯ ಮೇಲೆ ಬಿಳಿ ಪುಡಿ ಉಳಿಯುತ್ತದೆ, ಮಂಜು ಬಿದ್ದು ತೊಳೆಯಬೇಕು.

ಈಗ ಕೇಳು. ನಿನ್ನೆ ಬೆಳಿಗ್ಗೆ ಹೇಳದೆ ಕೇಳದೆ ಕೊಡೆ ಸಾಹೇಬರು ಇಬ್ಬರನ್ನು ಕರೆದುಕೊಂಡು ಬಂದರು. ಚಿಮಣಿ ಕಡೆಯಿಂದ ಇಪ್ಪತ್ತು ಸಸಿ, ಗೋಡೆ ಕಡೆಯಿಂದ ಇಪ್ಪತ್ತು, ಎಲ್ಲದರ ಮೇಲಿನ ಸುತ್ತಿನಿಂದ ಎಲೆ ಕಿತ್ತು ಕಾಗದದ ಚೀಲಕ್ಕೆ ಹಾಕಿದರು. ನಾನು ಉಪ್ಪಿನ ವಿಷಯ ಹೇಳಲು ಹೋದರೆ, ಹೇಳುವುದೆಲ್ಲ ವಿಚಾರಣೆಯಲ್ಲಿ ಹೇಳಿ ಅಂತ ಸಾಹೇಬರು ಬಾಯಿ ಮುಚ್ಚಿಸಿದರು. ಚೀಲದ ಮೇಲೆ ಬರೆದ ವಿಳಾಸ ಓದಿ ನಾನು ಗೋದಾಮಿಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕೆ. ನಿನ್ನ ಲ್ಯಾಬು! ಇಪ್ಪತ್ತೆಂಟು ವರ್ಷದಲ್ಲಿ ಒಂದೇ ಒಂದು ಸಲ ಅದೃಷ್ಟ ನನ್ನ ಮನೆ ಬಾಗಿಲು ಹುಡುಕಿಕೊಂಡು ಬಂದಿದೆ.

ನನಗೆ ಯಾರ ದಯೆಯೂ ಬೇಡ, ಸುಳ್ಳು ಒಂದಕ್ಷರವೂ ಬೇಡ. ಎಲೆಯನ್ನು ಮೊದಲು ತೊಳೆಯಿರಿ, ಅಷ್ಟೇ. ಮೇಲಿನ ಉಪ್ಪು ಹೋದ ಮೇಲೆ ಒಳಗೆ ಏನಿದೆಯೋ ಅದನ್ನು ಬರೆಯಿರಿ. ನನಗೆ ಅಷ್ಟು ಸಾಕು.

ಅಕ್ಕ


ಡಿಸೆಂಬರ್ 19

ಅಕ್ಕ,

ಇನ್ನು ಲ್ಯಾಬಿನ ವಿಳಾಸಕ್ಕೆ ಬರೆಯಬೇಡ. ಮನೆಗೆ ಬರೆ. ನಿನ್ನ ಕಾಗದವನ್ನು ನಮ್ಮ ಗುಮಾಸ್ತೆ ಒಡೆದು, ಖಾಸಗಿ ಅಂತ ಕಂಡ ಮೇಲೆ ನನ್ನ ಮೇಜಿನ ಮೇಲಿಟ್ಟಳು. ಎಷ್ಟು ಓದಿದಳೋ ಗೊತ್ತಿಲ್ಲ.

ನೀನು ನನ್ನ ಅಕ್ಕ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಈ ಕೆಲಸದಿಂದ ನನ್ನನ್ನು ತೆಗೆಯುತ್ತಾರೆ. ಉಪ್ಪು ಹಾಕು ಅಂತ ಹೇಳಿದವಳೂ ಪರೀಕ್ಷೆ ಮಾಡಿದವಳೂ ಒಬ್ಬಳೇ ಅಂತ ತಿಳಿದರೆ ಕೆಲಸದಿಂದಲೇ ತೆಗೆಯುತ್ತಾರೆ. ಪರೀಕ್ಷೆಗೆ ಏನು ನಿಯಮವಿದೆಯೋ ಹಾಗೆ ಮಾಡುತ್ತೇನೆ.

ನವೆಂಬರಿನ ನನ್ನ ಕಾಗದವನ್ನು ಸುಟ್ಟುಬಿಡು.

ತಂಗಿ


ಜನವರಿ 18

ವರದಿ ಬಂತು. ಕೊಡೆ ಸಾಹೇಬರು ನನ್ನನ್ನು ನಿಲ್ಲಿಸಿಕೊಂಡು ಗಟ್ಟಿಯಾಗಿ ಓದಿದರು, ಕಾವಲುಗಾರನನ್ನೂ ಕರೆಸಿಕೊಂಡಿದ್ದರು.

ಮೆಗ್ನೀಸಿಯಂ ಎರಡೂ ಕಡೆಯ ಸಸಿಗಳಲ್ಲಿ ಸಾಕಷ್ಟಿದೆಯಂತೆ. ಗಂಧಕ ಹೆಚ್ಚಿದೆ, ಆದರೆ ಎಲೆಯ ಮೇಲೆ ಉಪ್ಪಿನ ಪದರ ಕಂಡದ್ದರಿಂದ ಅದು ಹೊಗೆಯದ್ದು ಅನ್ನಲು ಬರುವುದಿಲ್ಲವಂತೆ. ಕೊನೆಗೊಂದು ಸಾಲು: 'ಸಸಿಪಾಲಕರು ಇತ್ತೀಚೆಗೆ ತರಾತುರಿಯಲ್ಲಿ ಪೋಷಕಾಂಶ ಸಿಂಪಡಿಸಿರುವಂತೆ ತೋರುತ್ತದೆ.' ಕೆಳಗೆ ನಿನ್ನ ಸಹಿ. ಶಾಲೆಯ ಅಂಕಪಟ್ಟಿಯಲ್ಲಿ ನನ್ನ ಸಹಿಯನ್ನು ನೀನೇ ಹಾಕಿ ಸಿಕ್ಕಿಬಿದ್ದಾಗ ಮೊದಲ ಸಲ ನೋಡಿದ್ದೆ ಆ ಉದ್ದ ಬಾಲದ ಅಕ್ಷರ.

ತರಾತುರಿಯಲ್ಲಿ. ಆ ಮಾತು ಎಲ್ಲಿಂದ ತಂದೆ? ಮೂರು ವಾರ ನಿನ್ನ ಕಾಗದ ಎದುರಿಗಿಟ್ಟುಕೊಂಡು ಚಮಚ ತಟ್ಟಿ ಅಳೆದವಳು ನಾನು. ವರ್ಷವಿಡೀ ಹಸಿವಿನಲ್ಲಿ ಕೆಡವಿ, ವಿಚಾರಣೆ ಬರುತ್ತದೆ ಅಂತ ತಿಳಿದ ಮೇಲೆ ಉಪ್ಪು ಮೆತ್ತಿದ ಕಳ್ಳಿ ಅಂತ ಈಗ ಎಲ್ಲರೂ ಅನ್ನುತ್ತಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದು ಕೇಳಿದ್ದೆ, ಎಮ್ಮೆಯ ತಂಗಿಯೇ ಬರೆ ಕಾಯಿಸಿಕೊಟ್ಟದ್ದನ್ನು ಈಗ ಕಂಡೆ.

ಒಂದೇ ಪ್ರಶ್ನೆ. ತೊಳೆದೆಯಾ ಇಲ್ಲವಾ?

ಅಕ್ಕ


ಜನವರಿ 27

ಅಕ್ಕ,

ತೊಳೆಯಲಿಲ್ಲ.

ಕಳಿಸಿದವರು ಕೇಳದಿದ್ದರೆ ನಮ್ಮಲ್ಲಿ ಎಲೆ ತೊಳೆಯುವುದಿಲ್ಲ. ನಿನ್ನ ಸಾಹೇಬರ ಅರ್ಜಿಯಲ್ಲಿ ಆ ಜಾಗ ಖಾಲಿ ಇತ್ತು. ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. 'ತೊಳೆದು ಮತ್ತೆ ನೋಡುವುದು ಒಳ್ಳೆಯದು' ಅಂತ ಷರಾ ಬರೆಯಬಹುದಿತ್ತು, ಅದಕ್ಕೂ ಜಾಗವಿದೆ. ಬರೆಯಲಿಲ್ಲ. ಪೆನ್ನು ಹಿಡಿದು ಕೂತಿದ್ದೆ. ಯಾಕೆ ತೊಳೆಯಬೇಕು, ಉಪ್ಪಿದೆ ಅಂತ ನಿಮಗೆ ಹೇಗೆ ಗೊತ್ತು ಅಂತ ಯಾರಾದರೂ ಕೇಳಿದರೆ ಅನ್ನಿಸಿತು. ಕ್ಯಾಪ್ ಮುಚ್ಚಿದೆ.

ನೀನು ಈಗ ಬೈಯುತ್ತೀಯ. ಬೈ. ನಿನ್ನ ಬೈಗುಳದಲ್ಲಿ ಬೆಳೆದ ಮೈ ಇದು. ಅಮ್ಮ ಹೋದ ಮೇಲೆ ಮನೆಗೆ ಬಂದವರ ಮುಂದೆಲ್ಲ ನನ್ನ ತೋಳು ಹಿಡಿದೆತ್ತಿ, ನೋಡಿ, ಎಷ್ಟು ಹಾಕಿದರೂ ಹತ್ತುವುದಿಲ್ಲ, ಹೊಟ್ಟೆಯೊಳಗೆ ಹೊಟ್ಟೆಕಿಚ್ಚಿದೆ ಅಂತ ಹೇಳುತ್ತಿದ್ದೆಯಲ್ಲ, ಅದು ನಿನಗೆ ನೆನಪಿರಲಿಕ್ಕಿಲ್ಲ. ಅವರು ನಗುತ್ತಿದ್ದರು. ನಾನು ಎತ್ತಿದ ತೋಳು ಇಳಿಸದೆ ನಿಲ್ಲಬೇಕಿತ್ತು. ನೀನು ಓದು ಬಿಟ್ಟು ನನ್ನನ್ನು ಓದಿಸಿದೆ ಅಂತ ಎಲ್ಲರಿಗೂ ಗೊತ್ತು, ಯಾಕೆಂದರೆ ಎಲ್ಲರಿಗೂ ನೀನೇ ಹೇಳಿದ್ದೀಯ. ಇಲ್ಲಿ ಈ ಮೇಜಿಗೆ ಬರಲು ನನಗೆ ಹದಿನಾರು ವರ್ಷ ಬೇಕಾಯಿತು. ಈಗ ವಿಭಾಗದ ಮುಖ್ಯಸ್ಥೆಯ ಜಾಗಕ್ಕೆ ನನ್ನ ಹೆಸರು ಹೋಗಿದೆ. ನಿನ್ನ ಸಸಿಗಳಿಗಾಗಿ ಅದನ್ನು ಬಿಟ್ಟುಕೊಡಲಾರೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂತ ನೀನೇ ಹೇಳುತ್ತಿದ್ದೆ. ಕಾಗದ ಸುಟ್ಟೆಯಾ?

ತಂಗಿ


ಫೆಬ್ರವರಿ 22

ಕಡ್ಡಿ,

ಸುಡಲಿಲ್ಲ. ಅದು ನಿನ್ನೆ ವಿಚಾರಣೆಯ ಕೋಣೆಯಲ್ಲೇ ಇತ್ತು, ನನ್ನ ಕೈಚೀಲದಲ್ಲಿ, ಕನ್ನಡಕದ ಡಬ್ಬಿಯ ಕೆಳಗೆ.

ನೀನು ಬರುತ್ತೀಯ ಅಂತ ನನಗೆ ಗೊತ್ತಿರಲಿಲ್ಲ. ತಜ್ಞರು ಬರುತ್ತಾರೆ ಅಂದಿದ್ದರು. ಬಾಗಿಲು ತೆಗೆದು ಬೂದು ಕೋಟು ಹಾಕಿಕೊಂಡು ನೀನು ಒಳಗೆ ಬಂದೆ. ಒಂಬತ್ತು ವರ್ಷದ ಮೇಲೆ ನಿನ್ನ ಮುಖ ನೋಡಿದೆ. ಕೆನ್ನೆ ತುಂಬಿದೆ. ಮೊದಲು ನನಗೆ ಬಂದದ್ದು ಅದೇ ಯೋಚನೆ, ನಾಚಿಕೆಗೇಡು ನನ್ನ ಬುದ್ಧಿಗೆ. ನೀನು ಎಲ್ಲರಿಗೂ ತಲೆಬಾಗಿದೆ, ನನಗೂ, ಎಲ್ಲರಿಗೆ ಬಾಗಿದಷ್ಟೇ.

ಸಾಹೇಬರು ನಿನ್ನನ್ನು, ಈ ಉಪ್ಪು ಹೀಗೆ ಹಾಕುವ ಕ್ರಮ ಇದೆಯಾ ಅಂತ ಕೇಳಿದರು. ನೀನು ನೀರು ಕುಡಿದು ಹೇಳಿದೆ. ನಿನ್ನ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ.

"ಕ್ರಮ ಇದೆ ಸರ್. ಆದ್ರೆ ತಿಳಿದವರನ್ನ ಕೇಳಿ ಹಾಕ್ಬೇಕು. ಓದು ಬರಹ ಅಷ್ಟಿಲ್ಲದವರು ಯಾರೋ ಹೇಳಿದ್ದು ಕೇಳ್ಕೊಂಡು ಹಾಕಿದ್ರೆ ಹೀಗಾಗುತ್ತೆ. ಈ ಹೆಂಗಸಿಗೆ ಯಾರು ಹೇಳಿದ್ರೋ ನನಗೆ ಗೊತ್ತಿಲ್ಲ."

ಸಾಹೇಬರು ನನ್ನ ಕಡೆ ತಿರುಗಿ, ಯಾರಮ್ಮ ಹೇಳಿದ್ದು ಅಂತ ಕೇಳಿದರು. ನಾನು ಚೀಲಕ್ಕೆ ಕೈ ಹಾಕಿದೆ. ನೀನು ನನ್ನ ಕೈಯನ್ನೇ ನೋಡುತ್ತಿದ್ದೆ. ಚಳಿಗೆ ಎಲ್ಲರೂ ಕೈ ಉಜ್ಜಿಕೊಳ್ಳುತ್ತಿದ್ದ ಕೋಣೆಯಲ್ಲಿ ನಿನ್ನ ಮೇಲ್ದುಟಿಯ ಮೇಲೆ ಬೆವರಿತ್ತು. ಆ ಕಾಗದದ ಮೇಲೆ ನಿನ್ನ ಲ್ಯಾಬಿನ ಹೆಸರಿದೆ, ತಾರೀಖಿದೆ, ಚಮಚದ ಲೆಕ್ಕವಿದೆ. ಅದನ್ನು ಮೇಜಿನ ಮೇಲಿಟ್ಟಿದ್ದರೆ ನಿನ್ನ ವರದಿ ಅಲ್ಲೇ ಕಸವಾಗುತ್ತಿತ್ತು, ಎಲೆಗಳು ಬೇರೆ ಲ್ಯಾಬಿಗೆ ಹೋಗುತ್ತಿದ್ದವು, ನನ್ನ ಹೆಸರು ಉಳಿಯುತ್ತಿತ್ತು. ನಾನು ಕನ್ನಡಕ ತೆಗೆದು ಹಾಕಿಕೊಂಡು, ನನಗೇ ತೋಚಿತು, ಹಾಕಿದೆ ಅಂದೆ.

ಇದು ಪ್ರೀತಿ ಅಂದುಕೊಂಡು ಸಮಾಧಾನಪಡಬೇಡ. ನೀನು ಎದ್ದು ಹೇಳುತ್ತೀಯೇನೋ ಅಂತ ಕಾದೆ. ಅಷ್ಟು ಹೊತ್ತು ಕಾದದ್ದಕ್ಕೆ ನನಗೆ ನನ್ನ ಮೇಲೇ ಅಸಹ್ಯವಾಗುತ್ತಿದೆ.

ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಮಾರ್ಚ್ ಮುಗಿಯುವುದರೊಳಗೆ ಮನೆ ಖಾಲಿ ಮಾಡಬೇಕು. ಚಿಮಣಿ ಕಡೆಯ ಹನ್ನೊಂದು ಪಾತಿಗಳನ್ನು ಕಿತ್ತು ಸುಡಲು ಆಜ್ಞೆಯಾಗಿದೆ, ಕೀಳುವುದು ನಾನೇ. ಮೇಲ್ಮನವಿಗೆ ಮಾರ್ಚ್ 22ರ ತನಕ ಸಮಯ ಇದೆ. ಆ ಮನವಿಯ ಜೊತೆ ನಿನ್ನ ಕಾಗದವನ್ನು ಲಗತ್ತಿಸುತ್ತೇನೆ. ಬೆನ್ನ ಹಿಂದೆ ಮಾಡುವ ಅಭ್ಯಾಸ ನನಗಿಲ್ಲ, ಅದಕ್ಕೆ ಮೊದಲೇ ತಿಳಿಸುತ್ತಿದ್ದೇನೆ.

ಅಕ್ಕ


ಮಾರ್ಚ್ 2

ಅಕ್ಕ,

ಲಗತ್ತಿಸಬೇಡ. ಪೂರ್ತಿ ಓದಿ ಆಮೇಲೆ ತೀರ್ಮಾನ ಮಾಡು.

ವರದಿ ಕಳಿಸಿದ ಮೇಲೆ ಪ್ರತಿ ಚೀಲದಲ್ಲೂ ಅರ್ಧದಷ್ಟು ಎಲೆ ಉಳಿದಿತ್ತು. ಒಂದು ಭಾನುವಾರ ಯಾರೂ ಇಲ್ಲದಾಗ ಹೋಗಿ ಅವನ್ನು ತೊಳೆದೆ. ಶುದ್ಧ ನೀರಿನಲ್ಲಿ ಮೂರು ಸಲ. ಮೊದಲ ನೀರು ಹಾಲಿನ ಹಾಗೆ ಬಿಳಿಯಾಯಿತು. ಒಣಗಿಸಿ, ಪುಡಿ ಮಾಡಿ, ಎಲ್ಲವನ್ನೂ ಮತ್ತೆ ನೋಡಿದೆ. ಚಿಮಣಿ ಕಡೆಯ ಸಸಿಗಳಲ್ಲಿ ಮೆಗ್ನೀಸಿಯಂ ಗೋಡೆ ಕಡೆಯದರ ಅರ್ಧಕ್ಕಿಂತ ಕಡಿಮೆ. ಸುಣ್ಣದಂಶವೂ ಇಳಿದಿದೆ. ಸಾರಜನಕ ಬೇಕಾದ್ದಕ್ಕಿಂತ ಹೆಚ್ಚು. ಗಂಧಕ ತೊಳೆದ ಮೇಲೂ ಹೆಚ್ಚೇ ಇದೆ, ಎಲೆಯ ಒಳಗೇ ಹೋಗಿ ಕೂತಿದೆ. ಗೊಬ್ಬರವಿಲ್ಲದ ಗಿಡದಲ್ಲಿ ಈ ಅಂಕಿಗಳು ಬರುವುದೇ ಇಲ್ಲ. ಇದು ಹೊಗೆಯ ಕೆಲಸ, ಸಂಶಯವಿಲ್ಲ.

ನೀನು ಹೇಳಿದ್ದು ನಿಜ. ನೀನು ಅವನ್ನು ಉಪವಾಸ ಕೆಡವಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ, ನಂಬುವುದಾದರೆ ನಂಬು.

ಈ ಅಂಕಿಗಳ ಹಾಳೆ ನನ್ನ ಹತ್ತಿರ ಇದೆ. ಲ್ಯಾಬಿನ ಮುದ್ರೆ ಹಾಕಿ, ಉಳಿದ ಮಾದರಿಯನ್ನು ತೊಳೆದು ಮರುಪರೀಕ್ಷೆ ಮಾಡಲಾಗಿದೆ ಅಂತ ಬರೆದು ನಿನಗೆ ಕಳಿಸುತ್ತೇನೆ. ಮನವಿಗೆ ಅದನ್ನು ಲಗತ್ತಿಸು, ನನ್ನ ಕಾಗದಕ್ಕಿಂತ ಅದೇ ಗಟ್ಟಿ ಸಾಕ್ಷಿ. ನನ್ನ ಕಾಗದದಿಂದ ನನ್ನ ಕೆಲಸ ಹೋಗುತ್ತದೆ ಅಷ್ಟೇ, ನಿನ್ನ ಗಿಡ ಹೊಗೆಯಿಂದ ಸತ್ತಿತು ಅಂತ ಸಾಬೀತಾಗುವುದಿಲ್ಲ. ಆದರೆ ಎರಡೂ ನಿನ್ನ ಕೈಯಲ್ಲಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನವೆಂಬರಿನ ಕಾಗದವನ್ನು, ಆಮೇಲೆ ನಾನು ಬರೆದ ಎಲ್ಲವನ್ನೂ, ಇದನ್ನೂ ಸೇರಿಸಿ, ಮೊದಲು ನನ್ನ ಮನೆಯ ವಿಳಾಸಕ್ಕೆ ರಿಜಿಸ್ಟರ್ ಮಾಡು. ತಲುಪಿದ ದಿನವೇ ಹಾಳೆ ಹೊರಡುತ್ತದೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಮುಖ್ಯಸ್ಥೆಯ ಜಾಗದ ಸಂದರ್ಶನ 20ಕ್ಕೆ ಇದೆ. ಬೇಗ ಮಾಡು.

ನಿನ್ನ ಕಡ್ಡಿ


ಮಾರ್ಚ್ 8

ಕಡ್ಡಿ,

ನಿನ್ನ ಕಾಗದವನ್ನು ಕಾವಲುಗಾರನಿಗೆ ಎರಡು ಸಲ ಓದಿ ಹೇಳಿದೆ. ಅರ್ಧಕ್ಕಿಂತ ಕಡಿಮೆ ಅನ್ನುವ ಕಡೆ ಅವನು ಮಾಸ್ಕ್ ಇಳಿಸಿ ನಕ್ಕ. ನಾನು ಅತ್ತೆ. ಉಪವಾಸ ಕೆಡವಲಿಲ್ಲ ಅಂತ ಯಾರಾದರೂ ಒಬ್ಬರು ಬರೆದು ಕೊಡಬೇಕಿತ್ತು ನನಗೆ.

ನವೆಂಬರಿನದ್ದರಿಂದ ಹಿಡಿದು ಮೊನ್ನೆಯದರ ತನಕ ನಿನ್ನ ಕಾಗದಗಳೆಲ್ಲ ಇದರೊಳಗಿವೆ, ಒಂದನ್ನೂ ಇಟ್ಟುಕೊಂಡಿಲ್ಲ. ಅಂಚೆಗೆ ಹಾಕುವ ಮೊದಲು ಪಕ್ಕದ ಅಂಗಡಿಯವನು, ಒಂದು ಜೆರಾಕ್ಸ್ ತೆಗೆದಿಟ್ಟುಕೊಳ್ಳಿ, ಕಾಲ ಸರಿ ಇಲ್ಲ ಅಂದ. ಬೇಡಪ್ಪ, ಇದು ನನ್ನ ತಂಗಿಯ ವಿಷಯ ಅಂದೆ. ನೀನು ಹಟಮಾರಿ, ಹೊಟ್ಟೆಕಿಚ್ಚಿನವಳು, ಹೆದರುಪುಕ್ಕಲಿ. ಆದರೆ ಕೊಟ್ಟ ಮಾತು ತಪ್ಪಿದವಳಲ್ಲ. ತೋಳು ಎತ್ತಿಸಿ ನಿಲ್ಲಿಸುತ್ತಿದ್ದದ್ದು ನನಗೆ ನೆನಪಿದೆ. ನೀನು ಸಣ್ಣಗಿದ್ದದ್ದಕ್ಕೆ ಜನ ನನ್ನನ್ನೇ ಬೈಯುತ್ತಿದ್ದರು, ಬೈಯುವ ಮೊದಲು ನಾನೇ ತೋರಿಸಿಬಿಡುತ್ತಿದ್ದೆ. ನನಗೆ ಆಗ ಹತ್ತೊಂಬತ್ತು. ತಪ್ಪು, ಕಡ್ಡಿ. ಅದು ತಪ್ಪಾಯಿತು.

ಸಂದರ್ಶನಕ್ಕೆ ಆ ಬೂದು ಕೋಟೇ ಹಾಕಿಕೋ. ಚೆನ್ನಾಗಿ ಕಾಣುತ್ತೀಯ.

ಅಕ್ಕ


ಮಾರ್ಚ್ 18

ಕಡ್ಡಿ,

ಹಾಳೆ ಇನ್ನೂ ಬಂದಿಲ್ಲ. ರಿಜಿಸ್ಟರ್ ಕಾಗದ ನಿನಗೆ 11ಕ್ಕೇ ತಲುಪಿದೆ ಅಂತ ಅಂಚೆಯವರು ನಿನ್ನ ಸಹಿ ಇರುವ ಚೀಟಿ ತೋರಿಸಿದರು. ಮುದ್ರೆ ಹಾಕಿಸಲು ತಡವಾಗುತ್ತಿರಬಹುದು. ಮುದ್ರೆ ಇಲ್ಲದಿದ್ದರೂ ಸರಿ, ಅಂಕಿ ಬರೆದು ಕಳಿಸು. ಇನ್ನು ನಾಲ್ಕೇ ದಿನ.

ಏಳು ಪಾತಿ ಕಿತ್ತಾಯಿತು. ಬೇರು ಚೆನ್ನಾಗಿ ಇಳಿದಿತ್ತು, ಒಂದೊಂದಕ್ಕೂ ಎರಡು ಕೈ ಬೇಕಾಯಿತು. ನಾಲ್ಕನ್ನು ಹಾಗೇ ಬಿಟ್ಟಿದ್ದೇನೆ. ಮನವಿ ಗೆದ್ದರೆ ಅವನ್ನು ಕೀಳಬೇಕಾಗುವುದಿಲ್ಲ.

ಮನೆಗೆ ಬರೆದದ್ದಕ್ಕೆ ಉತ್ತರ ಬಾರದಿದ್ದರೆ ಲ್ಯಾಬಿಗೂ ಬರೆಯುತ್ತೇನೆ, ಕೋಪ ಮಾಡಿಕೊಳ್ಳಬೇಡ. ಅಕ್ಕ ಅಂತ ಎಲ್ಲೂ ಬರೆಯುವುದಿಲ್ಲ.

ಅಕ್ಕ


ಮಾರ್ಚ್ 27

ಗೆ,
ಮಾಜಿ ಸಸಿಪಾಲಕಿ,
ಪೈನ್ ಸಸಿತೋಟ

ಮಾನ್ಯರೇ,

ವಿಷಯ: ಮರುಪರೀಕ್ಷೆಯ ಫಲಿತಾಂಶ ಕೋರಿಕೆ

ತಾವು ಮಾರ್ಚ್ 20ರಂದು ಈ ಪ್ರಯೋಗಾಲಯಕ್ಕೆ ಬರೆದ ಪತ್ರ ತಲುಪಿದೆ. ತಾವು ಉಲ್ಲೇಖಿಸಿರುವ ಪೈನ್ ಎಲೆಗಳ ಮಾದರಿಗಳನ್ನು ತೊಳೆದು ಮರುಪರೀಕ್ಷೆ ನಡೆಸಿದ ಬಗ್ಗೆ ನಮ್ಮಲ್ಲಿ ಯಾವುದೇ ದಾಖಲೆ ಇರುವುದಿಲ್ಲ. ಸದರಿ ಮಾದರಿಗಳಲ್ಲಿ ಉಳಿದಿದ್ದ ಭಾಗವನ್ನು ನಿಯಮಾನುಸಾರ ಮಾರ್ಚ್ 12ರಂದು ನಾಶಪಡಿಸಲಾಗಿದೆ.

ನಮ್ಮ ಸಿಬ್ಬಂದಿಯೊಬ್ಬರು ತಮಗೆ ಖಾಸಗಿಯಾಗಿ ಪತ್ರ ಬರೆದಿದ್ದರೆಂದು ತಾವು ತಿಳಿಸಿದ್ದೀರಿ. ಸಂಬಂಧಪಟ್ಟವರನ್ನು ವಿಚಾರಿಸಲಾಗಿ, ತಮ್ಮ ಪರಿಚಯವೇ ಇಲ್ಲವೆಂದು ಹೇಳಿರುತ್ತಾರೆ. ಆ ಪತ್ರದ ಮೂಲ ಪ್ರತಿ ತಮ್ಮಲ್ಲಿದ್ದರೆ ಹಾಜರುಪಡಿಸಬಹುದು.

ಇನ್ನು ಮುಂದೆ ಈ ವಿಷಯವಾಗಿ ಬರುವ ಪತ್ರಗಳಿಗೆ ಉತ್ತರಿಸಲಾಗುವುದಿಲ್ಲ.

ತಮ್ಮ ವಿಶ್ವಾಸಿ,
(ಉದ್ದ ಬಾಲದ ಸಹಿ)
ಮುಖ್ಯಸ್ಥೆ, ಎಲೆ ಮತ್ತು ಮಣ್ಣು ಪರೀಕ್ಷಾ ವಿಭಾಗ